ವಿಮಾನದ ಹಿಂದಿನ ಕೈ



ಇವತ್ತಿನ ನನ್ನ ಮಾತು ಒಂದು ಫೋಟೋದ ಬಗ್ಗೆ. ರೇಡಿಯೋದಲ್ಲಿ ಫೋಟೋ ತೋರಿಸಲು ಬರುವುದಿಲ್ಲ. ಬರುತ್ತಿದ್ದರೆ ನಾನು ಮಾತಿಗೆ ಒಪ್ಪಿಕೊಳ್ಳುತ್ತಲೇ ಇರಲಿಲ್ಲ. ಅದನ್ನು ನೋಡಿದ ನಮ್ಮ ಓಣಿಯವರು ಕೇಳಿದ ಮೊದಲ ಪ್ರಶ್ನೆ, ‘ಯಾರ ಕೂಸ್ರೀ ಇದು?’ ಅಂತ. ಕೂಸು ಆಗ ನನ್ನ ತೋಳಿನ ಮೇಲೇ ಇತ್ತು.

ನಾವು ಹುಮನಾಬಾದಿನವರು. ಹೆಂಡತಿಯ ತವರು ಬಸವಕಲ್ಯಾಣ. ನಡುವೆ ಮೂವತ್ತು ಕಿಲೋಮೀಟರಿನ ಆಸುಪಾಸು ದಾರಿ. ಹೈದರಾಬಾದ–ಪುಣೆ ಹೆದ್ದಾರಿ ಹಿಡಿದು ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದ ಹತ್ತಿರ ಊರಿನ ಕಡೆ ತಿರುಗಿದರೆ ಮುಗಿಯಿತು. ಬೇಸಿಗೆ ರಜೆಗೆ ಹೆಂಡತಿ ಕೂಸನ್ನು ಕರೆದುಕೊಂಡು ತವರಿಗೆ ಹೋಗಿದ್ದಳು. ಕೂಸಿಗೆ ಆಗ ಎಂಟು ತಿಂಗಳು. ಒಂಬತ್ತನೆಯ ತಿಂಗಳಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಗುಡಿಯಲ್ಲಿ ಜಾವಳ ತೆಗೆಸುವುದೆಂದು ಹಿರಿಯರು ಗೊತ್ತು ಮಾಡಿಬಿಟ್ಟಿದ್ದರು. ಅದರ ಹಣೆಯ ಮೇಲೆ ಒಂದು ಗುಂಗುರು ಕೂದಲು ಇತ್ತು, ಪ್ರಶ್ನಾರ್ಥಕ ಚಿಹ್ನೆಯ ಹಾಗೆ. ‘ಜಾವಳ ತೆಗೆದ ಮ್ಯಾಲ ಈ ಕೂದಲ ಮತ್ತ ಬರಂಗಿಲ್ಲ, ಅದಕ್ಕ ಮುಂಚೆ ಒಂದು ಛಂದನ್ನ ಫೋಟೋ ಆಗಬೇಕು’ ಅಂದಳು ಹೆಂಡತಿ. ಒಂದು ಗುಂಗುರು ಕೂದಲಿನ ಸಲುವಾಗಿ ಶುರುವಾದ ಪ್ರಸಂಗ ಇದು.

ಹಾಗೆಂದು ಕೂಸಿನ ಫೋಟೋ ಇರಲೇ ಇಲ್ಲ ಅಂತಲ್ಲ. ಮೊಬೈಲಿನಲ್ಲಿ ಸಾವಿರಾರು ಇದ್ದವು. ಸರ್ಕಾರದ ಹತ್ತಿರವೂ ಒಂದು ಇತ್ತು. ಐದು ವರ್ಷದೊಳಗಿನ ಮಕ್ಕಳಿಗೆ ನೀಲಿ ಬಣ್ಣದ ಬಾಲ ಆಧಾರ್ ಕೊಡುತ್ತಾರಲ್ಲ, ಅದರಲ್ಲಿ ಬೆರಳಚ್ಚು, ಕಣ್ಣಿನ ಗುರುತು ಯಾವುದೂ ಇಲ್ಲ, ಮುಖದ ಫೋಟೋ ಅಷ್ಟೇ. ಅದರಲ್ಲಿ ನಮ್ಮ ಕೂಸು ಬಾಯಿ ತುಂಬ ಆಕಳಿಸುತ್ತಿದೆ. ಆಧಾರ್ ಕೇಂದ್ರದ ಹುಡುಗ ಒಂದು ಸಲ ನೋಡಿ, ‘ನಡೀತದ್ರೀ’ ಅಂದು ಒತ್ತಿಬಿಟ್ಟ. ಸರ್ಕಾರಕ್ಕೆ ನಗುವೇ ಬೇಕು ಅಂತೇನಿಲ್ಲ. ನಗು ಬೇಕಾಗಿದ್ದದ್ದು ನಮಗೆ.

ಸ್ಟುಡಿಯೋದ ಹೆಸರು ಹೇಳುವುದಿಲ್ಲ. ತಪ್ಪಿನಲ್ಲಿ ಮುಕ್ಕಾಲು ಪಾಲು ನಮ್ಮದೇ. ಮೊದಲನೆಯದಾಗಿ ನಾವು ಹೋದ ಹೊತ್ತು: ಮೇ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ, ಕೂಸು ದಿನಾ ಮಲಗುವ ವೇಳೆ. ಆಮೇಲೆ ನಾವು ಹೋದ ದಂಡು: ನಾನು, ಹೆಂಡತಿ, ಅವಳ ತಮ್ಮ, ನಮ್ಮ ಅತ್ತೆ, ಬೆಳಗಿನ ಬಸ್ಸಿಗೆ ಹುಮನಾಬಾದಿನಿಂದ ಬಂದಿಳಿದ ನಮ್ಮವ್ವ, ಮೇಲೆ ಮಗ್ಗುಲ ಮನೆಯ ಒಬ್ಬ ಹುಡುಗಿ. ಎಂಟು ತಿಂಗಳ ಕೂಸಿನ ಸುತ್ತ ಆರು ಜನ, ಆರೂ ಜನರ ಬಾಯಲ್ಲಿ ಸಲಹೆ.

ಒಳಗೆ ಹೋದರೆ ಒಂದು ಬದಿಗೆ ಬೆತ್ತದ ಬುಟ್ಟಿ, ಪ್ಲಾಸ್ಟಿಕ್ ಹೂವಿನ ಜೋಕಾಲಿ, ಥರ್ಮಾಕೋಲಿನ ಚಂದ್ರ, ಹತ್ತಿ ತುಂಬಿದ ಬೆಣ್ಣೆ ಗಡಿಗೆ. ಗೋಡೆಗೆ ಹಿಮದ ಗುಡ್ಡಗಳ ಪರದೆ. ಹೊರಗೆ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಕೋಟೆ ಇದೆ, ತ್ರಿಪುರಾಂತಕ ಕೆರೆ ಇದೆ, 108 ಅಡಿ ಎತ್ತರದ ಬಸವಣ್ಣನವರ ಮೂರ್ತಿ ಇದೆ. ಆದರೆ ಕೂಸಿನ ಬೆನ್ನ ಹಿಂದೆ ಮಾತ್ರ ಸ್ವಿಟ್ಜರ್ಲೆಂಡ್ ಬೇಕು. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವ, ಸುಮ್ಮನಿರಲಾಗದೆ ಇದನ್ನು ಅಂದೆ. ‘ಸರ್, ಕ್ವಾಟಿ ಹಿಂದ ಇದ್ರ ಬ್ಯಾಕ್‌ಗ್ರೌಂಡ್ ಭಾಳ ಡಾರ್ಕ್ ಆಗ್ತದ್ರೀ’ ಅಂದರು ಫೋಟೋಗ್ರಾಫರು.

ವೇಷ ಯಾವುದು ಅಂತ ಚರ್ಚೆ ಎದ್ದಿತು. ಪ್ಯಾಕೇಜಿನಲ್ಲಿ ಕೃಷ್ಣ ಇತ್ತು: ನವಿಲುಗರಿಯ ಪಟ್ಟಿ, ಕೈಗೊಂದು ಕೊಳಲು, ಮುಂದೆ ಬೆಣ್ಣೆ ಗಡಿಗೆ. ‘ಹೆಣ್ಣ ಕೂಸಿಗೆ ಕೃಷ್ಣ ಯಾಕ್ರೀ, ಅಕ್ಕಮಹಾದೇವಿ ಮಾಡ್ರಿ’ ಅಂದರು ನಮ್ಮ ಅತ್ತೆ. ಬಸವಕಲ್ಯಾಣದವರು, ಬಸವ ಜಯಂತಿಗೆ ಓಣಿ ಓಣಿಯಲ್ಲಿ ಸಣ್ಣ ಮಕ್ಕಳು ಶರಣರ ವೇಷ ಹಾಕುವುದನ್ನು ನೋಡಿದವರು. ಫೋಟೋಗ್ರಾಫರು ತಲೆ ಕೆರೆದುಕೊಂಡರು. ‘ಅದಕ್ಕ ಉದ್ದನ್ನ ಕೂದಲ ಬೇಕಾಗ್ತದ ಅವ್ವಾರೆ, ಇಷ್ಟ್ ಸಣ್ಣ ಸೈಜಿಂದು ವಿಗ್ ನಮ್ಮಲ್ಲಿಲ್ಲ.’ ಹೀಗಾಗಿ ಕೃಷ್ಣನೇ ಗೆದ್ದ.

ಮುಂದಿನ ಜಗಳ ದೃಷ್ಟಿ ಬೊಟ್ಟಿನದು. ನಮ್ಮವ್ವ ಬಸ್ಸಿನಿಂದ ಇಳಿದವಳೇ ಕೂಸಿನ ಎಡಗೆನ್ನೆಗೆ ಕಾಡಿಗೆಯಿಂದ ನಾಲ್ಕಾಣೆಯಷ್ಟು ಅಗಲದ ಬೊಟ್ಟು ಇಟ್ಟಿದ್ದಳು. ಅದನ್ನು ಸ್ವಲ್ಪ ಸಣ್ಣದು ಮಾಡಿರೆಂದು ಫೋಟೋಗ್ರಾಫರು ಅಂದದ್ದೇ ತಡ, ‘ಫೋಟೋ ತೆಗದ್ರನಾ ಆಯುಷ್ಯ ಕಮ್ಮಿ ಆಗ್ತದಂತ ನಮ್ಮ ಹಿರ್ಯಾರು ಅಂತಿದ್ರು. ನಾ ಅದಕ್ಕೂ ಸುಮ್ನಿದ್ದೀನಿ. ಬೊಟ್ಟಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ, ನದರ್ ಆಗ್ತದ’ ಅಂದಳು. ಬೊಟ್ಟು ಉಳಿಯಿತು. ಉಳಿಯಿತು ಅಂತ ನಾವು ತಿಳಿದೆವು.

ಈಗ ಕೂಸಿನ ಕಡೆಯಿಂದ ನೋಡಿ. ಗೊತ್ತಿಲ್ಲದ ಮನೆ, ತಣ್ಣನೆಯ ಕತ್ತಲು, ತಲೆಗೆ ಕಚಗುಳಿ ಇಡುವ ಗರಿ. ದೊಡ್ಡ ಗಡ್ಡದ ಮನುಷ್ಯನೊಬ್ಬ ಹತ್ತಿರ ಬಂದ, ತನ್ನ ಮುಖ ತೆಗೆದುಬಿಟ್ಟು ಆ ಜಾಗದಲ್ಲಿ ಒಂದು ಕರಿ ಗಾಜಿನ ಕಣ್ಣು ಇಟ್ಟುಕೊಂಡ. ಆಮೇಲೆ ಕೋಣೆಯೊಳಗೇ ಮಿಂಚು ಹೊಡೆಯಿತು. ಇದಕ್ಕೆ ನಗಬೇಕಂತೆ.

ಮೂರು ತಿಂಗಳಿದ್ದಾಗ ಇದೇ ಕೂಸು ಯಾರ ಕೈಗಾದರೂ ಹೋಗುತ್ತಿತ್ತು. ಎಂಟೊಂಬತ್ತು ತಿಂಗಳಿಗೆ ಮಕ್ಕಳು ನಮ್ಮವರು ಯಾರು, ಹೊರಗಿನವರು ಯಾರು ಅಂತ ಬೇರೆ ಮಾಡಲು ಕಲಿಯುತ್ತವೆ. ನಿನ್ನೆ ನಕ್ಕು ಮಾತಾಡಿಸಿದವರನ್ನು ಕಂಡು ಇವತ್ತು ಚೀರುತ್ತವೆ. ಮಕ್ಕಳ ಡಾಕ್ಟರು ಇದಕ್ಕೆ ಬೆಳವಣಿಗೆಯ ಲಕ್ಷಣ ಅನ್ನುತ್ತಾರೆ. ನಮ್ಮ ಫೋಟೋಗ್ರಾಫರು ಅಂದದ್ದು, ‘ಸರ್, ಕೂಸು ಕೋಆಪರೇಟ್ ಮಾಡ್ಲತ್ತಿಲ್ಲ.’

ಪಾಪ, ಅವರು ಪ್ರಯತ್ನದಲ್ಲಿ ಏನೂ ಕಮ್ಮಿ ಮಾಡಲಿಲ್ಲ. ‘ಪುಟ್ಟಿ, ಇಲ್ಲಿ ನೋಡ್ರಿ’ ಅಂದರು. ನೋಡಲಿಲ್ಲ. ‘ಬೇಟಾ, ಇಧರ್ ದೇಖೋ’ ಅಂದರು. ‘ಬಾಳಾ, ಇಕಡೆ ಬಘ’ ಅಂತ ಮರಾಠಿಗೂ ಹೋಗಿ ಬಂದರು. ನಮ್ಮ ಭಾಗದಲ್ಲಿ ಅಂಗಡಿ ಇಟ್ಟವರಿಗೆ ಈ ಮೂರೂ ಬಾಯಿಗೆ ಬರಲೇಬೇಕು. ಅವರ ಕೈಕೆಳಗಿನ ಹುಡುಗ ಕೀಲಿಗೊಂಚಲು ಅಲ್ಲಾಡಿಸಿದ. ಹೆಂಡತಿಯ ತಮ್ಮ ಮೊಬೈಲಿನಲ್ಲಿ ಹಾಡು ಹಚ್ಚಿದ. ನಾನು ಮೇಷ್ಟರತನ ಬದಿಗಿಟ್ಟು ಆಡಿನ ಹಾಗೆ ಒದರಿದೆ. ಮನೆಯಲ್ಲಿ ಅದಕ್ಕೆ ಖಾಯಂ ನಗುತ್ತಿತ್ತು. ಅಲ್ಲಿ ನಕ್ಕದ್ದು ಮಗ್ಗುಲ ಮನೆಯ ಹುಡುಗಿ ಒಬ್ಬಳೇ. ಈ ನಡುವೆ ಇಬ್ಬರು ಬೀಗತಿಯರು, ಕೂಸು ಹಸಿದಿದೆಯೋ ನಿದ್ದೆಗೆ ಅಳುತ್ತಿದೆಯೋ ಅಂತ ತಮ್ಮ ತಮ್ಮ ಅನುಭವದ ಲೆಕ್ಕ ಒಪ್ಪಿಸುತ್ತಿದ್ದರು, ಬಹಳ ಮರ್ಯಾದೆಯ ಮಾತಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ.

ಆಗ ಕೂಸು ತಟ್ಟನೆ ಅಳು ನಿಲ್ಲಿಸಿತು. ಫೋಟೋಗ್ರಾಫರು ‘ಹಾಂ, ಹಾಂ, ಬರೋಬರ್’ ಅನ್ನುತ್ತ ಪಟಪಟ ಒತ್ತತೊಡಗಿದರು. ನಮಗೆಲ್ಲ ಸಂತೋಷ. ಸಂಶಯ ಬಂದದ್ದು ನಮ್ಮವ್ವನಿಗೆ. ಕೂಸಿನ ಗದ್ದ ಮೆಲ್ಲಗೆ ಆಡುತ್ತಿತ್ತು. ಬೆಣ್ಣೆ ಗಡಿಗೆಯಲ್ಲಿನ ಹತ್ತಿ ಮುಷ್ಟಿಯಷ್ಟು ಕಡಿಮೆಯಾಗಿತ್ತು. ಅವ್ವ ಚಪ್ಪಲಿ ಕಾಲಲ್ಲೇ ಸ್ವಿಟ್ಜರ್ಲೆಂಡಿಗೆ ನುಗ್ಗಿ, ಕೂಸನ್ನು ಮೊಣಕೈ ಮೇಲೆ ಬೋರಲು ಹಾಕಿಕೊಂಡು, ಕಿರುಬೆರಳು ಬಾಯೊಳಗೆ ಹಾಕಿ ಬದಿಯಿಂದ ಎಳೆದಳು. ಹತ್ತಿ ಎಳೆ ಎಳೆಯಾಗಿ ಬಂತು, ತೊಯ್ದು ಬತ್ತಿಯ ಹಾಗೆ ಉದ್ದಕ್ಕೆ. ಅದರ ಹಿಂದೆಯೇ ಕುಡಿದ ಹಾಲೆಲ್ಲ ಬಂತು. ಕೆಳಗೆ ಹಾಸಿದ್ದ ಮಖಮಲ್ಲು ಸ್ಟುಡಿಯೋದವರು ಹೊಸದಾಗಿ ತಂದದ್ದಂತೆ.

ಅಷ್ಟಕ್ಕೇ ಕರೆಂಟೂ ಹೋಯಿತು.

ನಾವು ಮನೆಗೆ ಹೋಗಬೇಕಿತ್ತು, ಖರೇ. ಆದರೆ ಮುಂಗಡ ಕೊಟ್ಟಾಗಿತ್ತು, ಅವ್ವ ಅಷ್ಟು ದೂರದಿಂದ ಬಂದಿದ್ದಳು, ಜಾವಳ ಹತ್ತಿರ ಬಂದಿತ್ತು. ಇಂಥ ಹೊತ್ತಿನಲ್ಲಿ ಮನುಷ್ಯ ಕೂಸಿನ ಮುಖ ನೋಡುವುದು ಬಿಟ್ಟು ಲೆಕ್ಕ ಹಾಕುತ್ತಾನೆ. ನಾನೂ ಹಾಕಿದೆ. ಅರ್ಧ ತಾಸು ಅಂಗಡಿ ಮುಂದಿನ ಬೇವಿನ ಗಿಡದ ನೆರಳಲ್ಲಿ ರಟ್ಟಿನಿಂದ ಗಾಳಿ ಹಾಕುತ್ತ ಕುಳಿತೆವು. ಕೂಸು ಅಲ್ಲಿ, ಹಾದಿಯಲ್ಲಿ ಹೋಗುವ ಆಟೋಗಳನ್ನು ನೋಡಿ, ಎರಡೂ ಕೈ ಬಡಿದು, ಎರಡೇ ಎರಡು ಹಲ್ಲು ಕಾಣುವಂತೆ ನಕ್ಕಿತು. ಯಾರ ಕೈಯಲ್ಲೂ ಮೊಬೈಲ್ ಇರಲಿಲ್ಲ. ಎಲ್ಲರ ಕೈಯಲ್ಲೂ ರಟ್ಟು.

ಕರೆಂಟು ಬಂದ ಮೇಲೆ ಫೋಟೋಗ್ರಾಫರು ಒಂದು ಉಪಾಯ ಹೇಳಿದರು. ಕೂಸಿನ ಹಿಂದೆ ಕರಿ ಬಟ್ಟೆ ಹೊದ್ದು ತಾಯಿ ಕೂಡಬೇಕು, ಕೈ ಮಾತ್ರ ಹೊರಗೆ ತೆಗೆದು ಕೂಸಿನ ಸೊಂಟ ಹಿಡಿಯಬೇಕು. ‘ಕೈ ನಾ ಆಮ್ಯಾಲ ಕಂಪ್ಯೂಟರ್‌ನಾಗ ತೆಗೀತೀನ್ರಿ.’ ಆ ಸೆಕೆಯಲ್ಲಿ ಹೆಂಡತಿ ಮುಸುಕು ಹಾಕಿಕೊಂಡು ಇಪ್ಪತ್ತು ನಿಮಿಷ ಕುಕ್ಕರುಗಾಲಲ್ಲಿ ಕುಳಿತಳು. ತಾಯಿಯ ಬೆರಳು ಹತ್ತಿದ್ದೇ ಕೂಸಿನ ಬಿಗಿ ಸಡಿಲಾಯಿತು. ನಗಲಿಲ್ಲ, ಅಳಲೂ ಇಲ್ಲ. ತಹಸೀಲ್ ಕಚೇರಿಯಲ್ಲಿ ಸರದಿಗೆ ಕಾಯುವ ಮುದುಕರ ಹಾಗೆ ಗಂಭೀರವಾಗಿ ನೋಡಿತು.

ಹತ್ತು ದಿನಕ್ಕೆ ಫೋಟೋ ಬಂದವು. ಜೋಳದ ರೊಟ್ಟಿಯ ಬಣ್ಣದ ನಮ್ಮ ಕೂಸು ಮೈದಾ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು. ತುಟಿಗೆ ಯಾರೋ ಲಿಪ್‌ಸ್ಟಿಕ್ ಹಚ್ಚಿದ್ದರು. ಹಣೆಯ ಮೇಲಿನ ಗುಂಗುರು ಕೂದಲು, ಯಾವುದರ ಸಲುವಾಗಿ ಇಷ್ಟೆಲ್ಲ ಆಯಿತೋ ಅದು, ನವಿಲುಗರಿಯ ಪಟ್ಟಿಯ ಒಳಗೆ ಮುಚ್ಚಿಹೋಗಿತ್ತು. ಕೆನ್ನೆಯ ಮೇಲೆ ಬೊಟ್ಟಿನ ಸುಳಿವಿರಲಿಲ್ಲ. ಅವ್ವ ಫೋಟೋವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಏನೂ ಅನ್ನದೆ ಅಡುಗೆಮನೆಗೆ ಹೋಗಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದು ಫೋಟೋಕ್ಕೇ ಮೂರು ಸಲ ಇಳಿ ತೆಗೆದಳು. ಆಮೇಲೆ ಕಾಡಿಗೆ ಡಬ್ಬಿ ತಂದು ಫೋಟೋದ ಕೆನ್ನೆಗೆ ಬೊಟ್ಟು ಇಟ್ಟಳು. ಲ್ಯಾಮಿನೇಶನ್ ಮೇಲೆ ಅದು ನಿಲ್ಲಲಿಲ್ಲ, ಜಾರಿ ಕೊಳಲಿನ ತನಕ ಬಂತು.

ನಾನು ಕಂಡದ್ದು ಬೇರೆ. ಹೇಳಿದ ಹಾಗೆ ಫೋಟೋಗ್ರಾಫರು ತಾಯಿಯ ಕೈ ಅಳಿಸಿದ್ದರು, ಬಹಳ ಸಫಾಯಿಯಿಂದ. ಆದರೆ ಆ ಬೆರಳು ಒತ್ತಿದ ಜಾಗದಲ್ಲಿ ಕೂಸಿನ ಹಳದಿ ಅಂಗಿ ಒಳಗೆ ಹೋಗಿತ್ತು. ನಾಲ್ಕು ಸಣ್ಣ ತಗ್ಗು, ಸಾಲಾಗಿ. ಹಿಡಿದ ಕೈ ಇಲ್ಲ, ಹಿಡಿದ ಗುರುತು ಇದೆ. ಒಂದು ಸಲ ಕಂಡ ಮೇಲೆ ನನಗೆ ಆ ಫೋಟೋದಲ್ಲಿ ಬೇರೇನೂ ಕಾಣಲೊಲ್ಲದು.

ಹೀಗೆ ತಾಯಿಯನ್ನು ಅಡಗಿಸುವುದು ಕಂಪ್ಯೂಟರ್ ಬಂದ ಮೇಲಿನ ವಿದ್ಯೆಯಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ಅನ್ನುವವನ ಫೋಟೋ ತೆಗೆಯುವ ವಿಧಾನವನ್ನು ಲೋಕಕ್ಕೆ ತಿಳಿಸಿದಾಗ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಮುಂದೆ ಗಾಜಿನ ಫಲಕಗಳು ಬಂದವು, ಹೊತ್ತು ಸೆಕೆಂಡುಗಳಿಗೆ ಇಳಿಯಿತು. ಆದರೆ ಕೂಸಿಗೆ ಐದು ಸೆಕೆಂಡೂ ಒಂದು ಯುಗ. ಅಷ್ಟರಲ್ಲಿ ಅದು ತಲೆ ತಿರುಗಿಸಿದರೆ ಫಲಕದ ಮೇಲೆ ಮುಖದ ಬದಲು ಹೊಗೆ. ಹಾಗಾಗಿ ಇಂಗ್ಲೆಂಡ್, ಅಮೆರಿಕದ ಸ್ಟುಡಿಯೋಗಳಲ್ಲಿ ತಾಯಿಗೆ ಬಟ್ಟೆ ಹೊದಿಸಿ ಕುರ್ಚಿಯ ಹಾಗೆ ಕೂರಿಸಿ, ತೊಡೆಯ ಮೇಲೆ ಕೂಸನ್ನು ಇಟ್ಟು ತೆಗೆಯುತ್ತಿದ್ದರು. ಅಂಥ ಹಳೆಯ ಫೋಟೋಗಳು ನೂರಾರು ಉಳಿದಿವೆ. ಮುಂದೆ ಜರಿಯ ಅಂಗಿಯ ಕೂಸು, ಹಿಂದೆ ಹೂವಿನ ಚಾದರ ಹೊದ್ದ ಒಂದು ಗುಡ್ಡ. ಗುಡ್ಡಕ್ಕೆ ಭುಜ ಇವೆ. ಕೆಲವು ಕಡೆ ತಾಯಿಯ ಮುಖವನ್ನು ಫಲಕದ ಮೇಲಿಂದ ಕೆರೆದು ತೆಗೆದದ್ದೂ ಉಂಟು.

ಆಗ ಕಲ್ಯಾಣಿ ಅನ್ನಿಸಿಕೊಳ್ಳುತ್ತಿದ್ದ ನಮ್ಮ ಬಸವಕಲ್ಯಾಣ, ಹುಮನಾಬಾದ ಎರಡೂ ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದವು; ಕಲ್ಯಾಣಿಗೆ ತನ್ನದೇ ನವಾಬರಿದ್ದರು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಚಿತ್ರಕಾರ ಲಾಲಾ ದೀನ್‌ದಯಾಳ್. ಅವರಿಗೆ ನಿಜಾಮರು ‘ಮುಸವ್ವಿರ್ ಜಂಗ್’ ಅಂತ ಬಿರುದು ಕೊಟ್ಟಿದ್ದರು, ಚಿತ್ರದ ಯುದ್ಧವೀರ ಅನ್ನುವ ಅರ್ಥದಲ್ಲಿ. ಕೂಸುಗಳ ಫೋಟೋ ತೆಗೆಯುವ ಯಾರಿಗಾದರೂ ಆ ಬಿರುದು ಸಲ್ಲುತ್ತದೆ ಅಂತ ನನಗೆ ಈಗ ಅನ್ನಿಸುತ್ತದೆ. 1892ರಲ್ಲಿ ಈ ದೀನ್‌ದಯಾಳರು ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದು, ಅದರ ಉಸ್ತುವಾರಿಯನ್ನು ಕೆನ್ನಿ-ಲೆವಿಕ್ ಅನ್ನುವ ಇಂಗ್ಲಿಷ್ ಮಹಿಳೆಗೆ ವಹಿಸಿದರು. ಪರದೆಯ ಮನೆತನದ ಹೆಂಗಸರು ಅಲ್ಲಿ ಗಂಡಸರ ಕಣ್ಣಿಗೆ ಬೀಳದೆ ಕ್ಯಾಮೆರಾದ ಮುಂದೆ ಕುಳಿತುಕೊಳ್ಳಬಹುದಾಗಿತ್ತು. ಅದೆಲ್ಲ ಶ್ರೀಮಂತರ ಮಾತು. ನಮ್ಮ ಮನೆತನದ ಹೆಂಗಸರಿಗೆ ಕ್ಯಾಮೆರಾದ ಮುಂದೆ ಕೂಡುವ ಪಾಳಿ ಬರಲು ಮತ್ತೆ ನೂರು ವರ್ಷ ಹಿಡಿಯಿತು. 1990ರ ದಶಕದಲ್ಲಿ, ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲಕ್ಕೆ, ಮತದಾರರ ಗುರುತಿನ ಚೀಟಿ ಬಂತಲ್ಲ, ನಮ್ಮವ್ವನ ಮುಖ ಮೊದಲ ಸಲ ಫೋಟೋದಲ್ಲಿ ಬಂದದ್ದು ಅದರಲ್ಲಿ. ಸೆರಗು ಹಣೆಯ ತನಕ, ಕಣ್ಣಲ್ಲಿ ಹೆದರಿಕೆ.

ಆದರೆ ಅದಕ್ಕೂ ಮೊದಲಿನ ಒಂದು ಫೋಟೋದಲ್ಲಿ ಅವಳು ಇದ್ದಾಳೆ. ಇಷ್ಟು ವರ್ಷ ನಾನು ಅದನ್ನು ನನ್ನ ಫೋಟೋ ಅಂತ ತಿಳಿದಿದ್ದೆ.

ಟ್ರಂಕಿನ ತಳದಲ್ಲಿ, ಜಾಗದ ಕಾಗದಪತ್ರದ ಜೊತೆ ಅದು ಇರುತ್ತದೆ. 1985ರದು, ಕಪ್ಪು ಬಿಳುಪು, ಅಂಗೈಯಷ್ಟು. ವೀರಭದ್ರೇಶ್ವರ ಜಾತ್ರೆಯಲ್ಲಿ ತೆಗೆಸಿದ್ದು. ಆಗ ಜಾತ್ರೆಗೆ ಬರುತ್ತಿದ್ದ ಫೋಟೋದ ತಟ್ಟಿ ಅಂಗಡಿಗಳಲ್ಲಿ ಹಲಗೆಯ ಮೇಲೆ ಬಣ್ಣ ಹಚ್ಚಿ ಕತ್ತರಿಸಿದ ಮೋಟಾರು, ವಿಮಾನ ನಿಲ್ಲಿಸಿರುತ್ತಿದ್ದರು. ಹಿಂದೆ ನಿಂತರೆ ಒಳಗೆ ಕುಳಿತ ಹಾಗೆ ಕಾಣುತ್ತಿತ್ತು. ನಾನು ವಿಮಾನದಲ್ಲಿದ್ದೇನೆ. ನಮ್ಮೂರಿನ ಮೇಲೆ ಹಾಯುವ ಬೀದರ–ಕಲಬುರಗಿ ರೈಲು ಮಾರ್ಗ ಪೂರ್ತಿಯಾಗಿ ಉದ್ಘಾಟನೆ ಆದದ್ದೇ 2017ರ ಅಕ್ಟೋಬರಿನಲ್ಲಿ. ಅದಕ್ಕೂ ಮೂವತ್ತೆರಡು ವರ್ಷ ಮೊದಲೇ ಹುಮನಾಬಾದಿನಿಂದ ನಾನು ವಿಮಾನ ಹತ್ತಿದ್ದೆ ಅಂತ ಹುಡುಗರ ಮುಂದೆ ಹೇಳಿ ನಗಿಸುತ್ತಿರುತ್ತೇನೆ. ವಿಮಾನದ ಪೈಲಟ್ ಬಾಯಿ ಅಗಲಿಸಿ ಅಳುತ್ತಿದ್ದಾನೆ. ತಲೆಗೆ ಕುಂಚಿಗೆ, ಕೆನ್ನೆಗೆ ನಾಲ್ಕಾಣೆಯಷ್ಟು ಬೊಟ್ಟು.

ನಮ್ಮ ಕೂಸಿನ ಅಂಗಿಯ ಮೇಲಿನ ಆ ನಾಲ್ಕು ತಗ್ಗು ಕಂಡ ದಿನ ರಾತ್ರಿ ನಾನು ಟ್ರಂಕು ತೆಗೆದು ಅದನ್ನು ಹುಡುಕಿದೆ. ವಿಮಾನದ ಅಂಚಿನ ಮೇಲೆ, ನನ್ನ ಸೊಂಟದ ಹತ್ತಿರ, ಒಂದು ಕೈ. ಬೆರಳು ಅಂಗಿಯೊಳಗೆ ಒತ್ತಿ ಹೋಗಿವೆ. ಮುಂಗೈ ತುಂಬ ಬಳೆ. ಹಲಗೆಯ ಹಿಂದೆ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕುಳಿತವಳ ಕೈ ಅದು. ನನ್ನ ತಾಯಿಯ ಹರೆಯದ ಫೋಟೋ ಅಂತ ನಮ್ಮ ಮನೆಯಲ್ಲಿರುವುದು ಅದೊಂದು ಕೈ ಮಾತ್ರ. ಅಂಗಡಿಯವನಿಗೆ ಅಳಿಸಲು ಕಂಪ್ಯೂಟರ್ ಇರಲಿಲ್ಲ, ಇನ್ನೊಂದು ಸಲ ತೆಗೆಯಲು ರೀಲು ದುಬಾರಿ. ಹಾಗಾಗಿ ಉಳಿಯಿತು.

ಮರುದಿನ ಬಸವಕಲ್ಯಾಣಕ್ಕೆ ಹೋದೆ. ಫೋಟೋಗ್ರಾಫರು ನನ್ನನ್ನು ನೋಡಿದ ಕೂಡಲೇ ಜಗಳಕ್ಕೆ ಬಂದಿದ್ದೇನೆ ಅಂತ ತಿಳಿದು ಚಹಾ ತರಿಸಿದರು. ‘ಎಡಿಟ್ ಮಾಡಲಾರದ್ದು ಅದಾವೇನ್ರಿ?’ ಅಂದೆ. ಇದ್ದವು. ಪರದೆಯ ಮೇಲೆ ಒಂದೊಂದೇ ಸರಿಸಿದರು. ರೊಟ್ಟಿಯ ಬಣ್ಣದ ಕೂಸು, ಕೆನ್ನೆಗೆ ಬೊಟ್ಟು, ಮೂಗಿನ ಕೆಳಗೆ ಸುಂಬಳ, ಹಿಂದೆ ಕರಿ ಬಟ್ಟೆಯಿಂದ ಹೊರಗೆ ಬಂದ ಹೆಂಡತಿಯ ಕೈ. ಕೈಮೇಲೆ ಬೆವರು ಹೊಳೆಯುತ್ತಿತ್ತು.

‘ಇದನ್ನ ದೊಡ್ಡದು ಮಾಡಿ ಕೊಡ್ರಿ’ ಅಂದೆ.

‘ಕೈ ಕಾಣ್ತದಲ್ರೀ ಸರ್?’

‘ಕಾಣ್ಲಿ ಬಿಡ್ರಿ.’

ಅವರು ನನ್ನ ಮುಖ ನೋಡಿದರು. ಆಮೇಲೆ, ಹೆಚ್ಚಿನ ದುಡ್ಡು ಬೇಡ, ಎಡಿಟಿಂಗ್ ಇಲ್ಲವಲ್ಲ, ಅಂದರು. ಮಖಮಲ್ಲಿನ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಸಂಜೆ ಹುಮನಾಬಾದಿಗೆ ಬಂದು ಎರಡೂ ಫೋಟೋ ಅವ್ವನ ಮುಂದೆ ಇಟ್ಟೆ, ಹೊಸದು ಒಂದು, ಹಳೆಯದು ಒಂದು. ಹೊಸದರ ಬೊಟ್ಟು ನೋಡಿ ಸಮಾಧಾನ ಮಾಡಿಕೊಂಡಳು. ಹಳೆಯದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ‘ಹಸರ ಬಳಿ’ ಅಂದಳು. ಫೋಟೋದಲ್ಲಿ ಅವು ಬೂದು ಬಣ್ಣ. ‘ಅವತ್ತೇ ಜಾತ್ರ್ಯಾಗ ಇಡಿಸ್ಕೊಂಡಿದ್ದೆ, ಡಜನ್, ಒಂದ್ ಕೈಗಿ ಆರ್ ಆರು. ಫೋಟೋ ಮುಗದು ಹೊರಗ ಬರೋತನಾ ನೀ ಒದ್ದು ಒದ್ದು ಈ ಕೈಯಾನ್ವು ಎರಡ ಒಡದಿದ್ದಿ. ಹೊಸಾ ಬಳಿ.’

ನಾನು ಫೋಟೋ ಇಸಿದುಕೊಂಡು ಎಣಿಸಿದೆ. ಆರೂ ಇದ್ದವು.